ಕಾಳಿಯ ಕಲ್ಲು, ಮುದಿನಾಯಿಯ ಕೌದಿ

ಕನ್ನಡ ನಾಡಿನಲ್ಲಿ ನಾಯಿಯೊಂದರ ಸಾವಿಗೆ ಸಂದ ಬಹುದೊಡ್ಡ ಗೌರವದ ದಾಖಲೆಯು ಇಂದಿನ ಸೇಡಂ ತಾಲ್ಲೂಕಿನ ಮಳಖೇಡ, ಅಂದರೆ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಕಾಲಕ್ಕೆ ಸೇರಿದೆ. ರಾಷ್ಟ್ರಕೂಟ ದೊರೆ ಮುಮ್ಮಡಿ ಕೃಷ್ಣನು 949ರಲ್ಲಿ ತಕ್ಕೋಲದ ಕಾಳಗದಲ್ಲಿ ಚೋಳರನ್ನು ಗೆದ್ದ ತರುವಾಯ, ಅವನ ಪಕ್ಷದಲ್ಲಿ ಕಾದಿದ ಗಂಗ ದೊರೆ ಇಮ್ಮಡಿ ಬೂತುಗನು ತನ್ನ ಸೇವಕ ಮಣಲೇರನ ಶೌರ್ಯಕ್ಕೆ ಮೆಚ್ಚಿ ಬೇಕಾದುದನ್ನು ಬೇಡೆನ್ನಲು, ಅವನು ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಮುಂದೆ ಕಾಡುಹಂದಿಯೊಂದರ ಮೇಲೆ ಬಿಟ್ಟಾಗ ಕಾಳಿಯೂ ಹಂದಿಯೂ ಒಂದನ್ನೊಂದು ಕೊಂದು ಮಡಿದವು. ಮದ್ದೂರು ತಾಲ್ಲೂಕಿನ ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ನೆಟ್ಟು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇರಿಸಿರುವ ಶಾಸನದ ಮೇಲ್ಭಾಗದಲ್ಲಿ ಆ ಹೋರಾಟದ ಕೆತ್ತನೆಯಿದೆ. ಕಲ್ಲಿಗೆ ಭೂಮಿ ಬಿಟ್ಟಿದ್ದಲ್ಲದೆ, ಅದನ್ನು ಪೂಜಿಸದೆ ಉಂಡ ಗೊರವನಿಗೆ, ಅಂದರೆ ಶೈವ ಅರ್ಚಕನಿಗೆ, ಪಾಪ ತಟ್ಟುವುದೆಂಬ ಕಟ್ಟಳೆಯೂ ಅದರಲ್ಲಿದೆ.

ಆದರೆ ಕಾಳಿಗೆ ಮುಪ್ಪು ಬರಲಿಲ್ಲ. ನರಳುತ್ತಿರುವ ನಾಯಿಯ ಬಳಿ ಮನುಷ್ಯ ಮಾಡಬೇಕಾದುದೇನು ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಮಾನ್ಯಖೇಟದ ಆಶ್ರಯದಲ್ಲಿ ಬೆಳೆದ ಜೈನ ಪರಂಪರೆಯ ಜೀವಂಧರನ ಕಥೆಯಲ್ಲಿ. 1424ರಲ್ಲಿ ಭಾಸ್ಕರ ಕವಿಯು ಇದನ್ನು ಕನ್ನಡದಲ್ಲಿ ಷಟ್ಪದಿಯಾಗಿ ಬರೆದನು. ಪೆಟ್ಟು ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ರಾಜಕುಮಾರ ಜೀವಂಧರನು ಪಂಚನಮಸ್ಕಾರ ಮಂತ್ರವನ್ನು ಹೇಳುತ್ತಾನೆ, ಅದು ಸತ್ತು ಯಕ್ಷನಾಗಿ ಹುಟ್ಟುತ್ತದೆ. ಜೀವಂಧರನು ನಾಯಿಯ ಪ್ರಾಣ ತೆಗೆಯುವುದಿಲ್ಲ, ಬಿಟ್ಟು ಹೋಗುವುದೂ ಇಲ್ಲ. ಅನ್ನನೀರು ಬಿಟ್ಟು ದೇಹ ತ್ಯಜಿಸುವ ಸಲ್ಲೇಖನವು ತನಗಾಗಿ ತಾನೇ ಕೈಗೊಳ್ಳುವ ವ್ರತವಾದುದರಿಂದ, ಇನ್ನೊಂದು ಜೀವದ ಪರವಾಗಿ ಅದನ್ನು ನಿರ್ಧರಿಸಲು ಆ ಧರ್ಮದಲ್ಲಿ ಎಡೆಯಿಲ್ಲ.

 ಇನ್ನು ಕಾನೂನಿನ ಮಾತು: 1960ರಲ್ಲಿ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ ಬಂದಿತು. ಸಾಕಿದ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದನ್ನೂ, ಮುಂದೆ ತಿದ್ದುಪಡಿಯಾಗಿ ನಾಯಿಯ ಹೃದಯಕ್ಕೆ ಸ್ಟ್ರಿಕ್ನಿನ್ ವಿಷ ಚುಚ್ಚಿ ಕೊಲ್ಲುವುದನ್ನೂ ಅಪರಾಧವೆಂದ ಈ ಕಾಯ್ದೆಯು, ಬದುಕಿಸಿಡುವುದೇ ಕ್ರೌರ್ಯವಾಗುವ ಸ್ಥಿತಿಯೂ ಉಂಟೆಂದು ಒಪ್ಪಿತು. ದಯಾಮರಣ, ಅಂದರೆ ಅರಿವಳಿಕೆ ಮದ್ದನ್ನು ಅಧಿಕ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಟ್ಟು ಮೊದಲು ಪ್ರಜ್ಞೆಯೂ ಅನಂತರ ಉಸಿರೂ ಎದೆಬಡಿತವೂ ನಿಲ್ಲುವಂತೆ ಮಾಡುವ ಕ್ರಮವು, ಜೀವಂಧರನ ಕಥೆ ಊಹಿಸದ ದಾರಿ. ಗುಣವಾಗದ ನೋವಿನಲ್ಲಿ ಅದನ್ನು ಆಯ್ದವರನ್ನು ಹಂತಕರೆನ್ನುವುದು ಅನ್ಯಾಯ.

ಆದರೆ ಅದಕ್ಕೆ ಮೊದಲು ಆರೈಕೆಯ ಕಾಲವೊಂದಿದೆ. ಸೇಡಂ ಸೀಮೆಯ ಮನೆಗಳಿಗೆ ಹಾಸಿದ ಶಹಾಬಾದ್ ಪರ್ಶಿಯು, ಅಂದರೆ ಕಲ್ಲಿನ ಚಪ್ಪಡಿಯು, ಬೇಸಿಗೆಯಲ್ಲಿ ತಂಪೆಂದು ನಾಯಿ ಅಲ್ಲೇ ಮಲಗುತ್ತದೆ. ಮುಪ್ಪಿನಲ್ಲಿ ಅದೇ ನುಣುಪು ಕಲ್ಲಿನ ಮೇಲೆ ಹಿಂಗಾಲುಗಳು ಜಾರಿ ಅಗಲವಾಗುತ್ತವೆ, ಏಳಲಾಗದೆ ಒಂದೇ ಮಗ್ಗುಲಲ್ಲಿ ಬಿದ್ದುಕೊಂಡರೆ ಮೊಣಕೈ ಮತ್ತು ಸೊಂಟದ ಎಲುಬಿನ ಮೇಲಿನ ಚರ್ಮ ಹಣ್ಣಾಗಿ ಹುಣ್ಣಾಗುತ್ತದೆ. ಹಳೆಯ ಕೌದಿಯೊಂದನ್ನು ಮಡಿಸಿ ಹಾಸುವುದು, ಕೆಲವು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು, ಉಚ್ಚೆಯಲ್ಲಿ ನೆಂದ ರೋಮವನ್ನು ತೊಳೆದು ಒರೆಸುವುದು, ನೀರಿನ ಬಟ್ಟಲನ್ನು ಬಾಯಿಯ ಬಳಿಗೇ ಒಯ್ಯುವುದು ಇವೆಲ್ಲ ಮನೆಯಲ್ಲೇ ಆಗುವ ಕೆಲಸಗಳು. ಇಷ್ಟಾದರೂ ಅದು ಉಣ್ಣದೆ, ಮನೆಯವರ ದನಿಗೆ ಬಾಲವಾಡಿಸದೆ, ಮದ್ದಿಗೂ ತಗ್ಗದ ನೋವಿನಿಂದ ರಾತ್ರಿಯೆಲ್ಲ ಕುಂಯ್ಗುಟ್ಟುತ್ತಿದ್ದರೆ, ದನದ ದವಾಖಾನೆಯ ವೈದ್ಯರೊಡನೆ ಕೊನೆಯ ಮಾತನ್ನು ಆಡಬೇಕಾಗುತ್ತದೆ.

ಒಂದು ಪ್ರಾಣಿಯ ಕಣ್ಣೆದುರು ಇನ್ನೊಂದಕ್ಕೆ ದಯಾಮರಣ ಕೊಡಬಾರದು, ಜೀವ ಹೋದುದು ಖಚಿತವಾಗದೆ ದೇಹವನ್ನು ವಿಲೇವಾರಿ ಮಾಡಬಾರದು ಎಂದು ಬೀದಿನಾಯಿಗಳ ಸಂತಾನ ನಿಯಂತ್ರಣಕ್ಕೆಂದು ಮಾಡಿದ ನಿಯಮಗಳೇ ಹೇಳುತ್ತವೆ. ಬೀದಿಯ ನಾಯಿಗೆ ಸಲ್ಲುವ ಇಷ್ಟು ಮರ್ಯಾದೆ ಮನೆಯ ನಾಯಿಗೂ ಸಲ್ಲಲಿ. ಸೂಜಿ ಚುಚ್ಚುವ ಹೊತ್ತಿಗೆ ಸಾಕಿದವರು ಹೊರಗೆ ಹೋಗಿ ನಿಲ್ಲದೆ, ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹೆಸರು ಹಿಡಿದು ಕರೆಯುತ್ತ ಕುಳಿತಿರಲಿ.