ನರಕೋಶದಂತಹ ಕೋಶ

ಸ್ಪೇನಿನ ಸಾಂತಿಯಾಗೊ ರಾಮೋನ್ ಇ ಕಹಾಲ್ ನರಮಂಡಲದ ಕ್ಷಯ ಮತ್ತು ಪುನರುತ್ಪತ್ತಿಯನ್ನು ಕುರಿತು 1913–14ರಲ್ಲಿ ಬರೆದ ಗ್ರಂಥದಿಂದ ಒಂದು ಕಠಿಣ ತೀರ್ಮಾನ ವೈದ್ಯಲೋಕದಲ್ಲಿ ನೆಲೆಯೂರಿತು. ಬೆಳೆದವರ ಮಿದುಳಿನಲ್ಲಿ ಸತ್ತದ್ದು ಸತ್ತಂತೆಯೇ. ಅಲ್ಲಿ ಮರುಹುಟ್ಟು ಇಲ್ಲ. ಪಾರ್ಶ್ವವಾಯುವಿಗೆ ತುತ್ತಾದವರಿಗೂ ಬೆನ್ನುಹುರಿ ಮುರಿದವರಿಗೂ ಮುಂದಿನ ಹಲವು ದಶಕಗಳ ಕಾಲ ವೈದ್ಯರು ಹೇಳಬಹುದಾಗಿದ್ದ ಮಾತು ಇಷ್ಟೇ. ಮೂಳೆಯೊಳಗಿನ ಮಜ್ಜೆಯಿಂದ ನರಕೋಶವನ್ನು ಪಡೆಯಬಹುದೆಂಬ ವಾರ್ತೆಗೆ ಶತಮಾನದ ಕೊನೆಯಲ್ಲಿ ಅಷ್ಟೊಂದು ಬಲ ಬಂದದ್ದು ಈ ಹಿನ್ನೆಲೆಯಿಂದ.

ಮಜ್ಜೆಯ ಕಥೆ ಬೇರೆ ಕಡೆ ಬೆಳೆಯುತ್ತಿತ್ತು. 1960–70ರ ದಶಕಗಳಲ್ಲಿ ಮಾಸ್ಕೋದ ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್, ಪಾತ್ರೆಯ ತಳಕ್ಕೆ ಅಂಟಿಕೊಳ್ಳುವ ಕೆಲವೇ ಮಜ್ಜೆಕೋಶಗಳನ್ನು ಗುರುತಿಸಿದರು. ರಕ್ತಕೋಶಗಳನ್ನು ತೊಳೆದು ತೆಗೆದರೂ ಇವು ಉಳಿಯುತ್ತಿದ್ದವು, ಗುಂಪುಗುಂಪಾಗಿ ಬೆಳೆಯುತ್ತಿದ್ದವು, ದೇಹದಲ್ಲಿ ನೆಟ್ಟರೆ ಎಲುಬು ಕಟ್ಟುತ್ತಿದ್ದವು. 1991ರಲ್ಲಿ ಅಮೆರಿಕದ ಆರ್ನಲ್ಡ್ ಕ್ಯಾಪ್ಲನ್ ಇವನ್ನು ಮೀಸೆಂಕೈಮಲ್ ಆಕರಕೋಶಗಳೆಂದು ಕರೆದರು. 1999ರಲ್ಲಿ ಮಾರ್ಕ್ ಪಿಟೆಂಜರ್ ಮತ್ತು ಸಂಗಡಿಗರು, ಮನುಷ್ಯರ ಮಜ್ಜೆಯ ಈ ಕೋಶಗಳಿಂದ ಎಲುಬು, ಮೃದ್ವಸ್ಥಿ, ಕೊಬ್ಬು ಮೂರನ್ನೂ ಪಡೆಯಬಹುದೆಂದು ತೋರಿಸಿದರು. ಈ ಮೂರೂ ಭ್ರೂಣದ ನಡುಪದರಕ್ಕೆ ಸೇರಿದವು. ನರಮಂಡಲವಾದರೋ ಹೊರಪದರದಿಂದ ಹುಟ್ಟುವಂಥದು. ಗಡಿ ದಾಟುವ ಪ್ರಶ್ನೆ ಇನ್ನೂ ಮುನ್ನೆಲೆಗೆ ಬಂದಿರಲಿಲ್ಲ.

ಅದು ಮುನ್ನೆಲೆಗೆ ಬಂದದ್ದು 2000ದಲ್ಲಿ. ವುಡ್‌ಬರಿ, ಪ್ರಾಕಪ್, ಬ್ಲ್ಯಾಕ್ ಮೊದಲಾದವರು ಇಲಿ ಮತ್ತು ಮನುಷ್ಯರ ಮಜ್ಜೆಕೋಶಗಳಿಗೆ ಬೀಟಾ-ಮರ್ಕ್ಯಾಪ್ಟೊಎಥನಾಲ್, ಡಿಎಂಎಸ್‌ಒದಂತಹ ರಾಸಾಯನಿಕಗಳನ್ನು ಸೇರಿಸಿದರು. ಕೆಲವೇ ಗಂಟೆಗಳಲ್ಲಿ ಚಪ್ಪಟೆಯ ಕೋಶಗಳು ದುಂಡಗಾಗಿ ಉದ್ದನೆಯ ಎಳೆಗಳನ್ನು ಚಾಚಿದಂತೆ ಕಂಡವು. ಸುಮಾರು 80 ಪ್ರತಿಶತ ಕೋಶಗಳಲ್ಲಿ ನರಕೋಶದ ಗುರುತುಪ್ರೋಟೀನುಗಳೂ ಕಾಣಿಸಿದವು. ಅದೇ ವರ್ಷದ ಡಿಸೆಂಬರಿನಲ್ಲಿ, ಮಜ್ಜೆಯಿಂದ ಹೊರಟ ಕೋಶಗಳು ಇಲಿಗಳ ಮಿದುಳನ್ನು ಸೇರಿ ಅಲ್ಲಿ ನರಕೋಶದ ಲಕ್ಷಣ ತೋರಿದವೆಂದು ಎರಡು ತಂಡಗಳು ವರದಿ ಮಾಡಿದವು. ಕಾಲವೂ ಅನುಕೂಲವಾಗಿತ್ತು: ಮಾನವಭ್ರೂಣದ ಆಕರಕೋಶಗಳನ್ನು ಕುರಿತ ನೈತಿಕ ಜಗಳ ಅಮೆರಿಕದಲ್ಲಿ ಆಗ ತಾರಕಕ್ಕೇರಿತ್ತು. ರೋಗಿಯ ಸ್ವಂತ ಮೂಳೆಯಿಂದಲೇ ನರಕೋಶ ದೊರೆಯುವುದಾದರೆ ಯಾರ ಆಕ್ಷೇಪವೂ ಇರಲಾರದು. ಎಲ್ಲರಿಗೂ ಬೇಕಾದ ಸತ್ಯವನ್ನು ಪರೀಕ್ಷಿಸಲು ತಡವಾಗುತ್ತದೆ.

ತಡವಾಯಿತು, ಆದರೆ ಬಹಳವಲ್ಲ. ದೇಹದೊಳಗಿನ ಸಾಕ್ಷ್ಯಕ್ಕೆ ಮೊದಲು ಪೆಟ್ಟು ಬಿತ್ತು. ಮಜ್ಜೆಯ ಕೋಶ ನರಕೋಶವಾಗಿ ಬದಲಾಗದೆ, ಆಗಲೇ ಇದ್ದ ಪರ್ಕಿಂಜೆ ನರಕೋಶದೊಡನೆ ಕೂಡಿಕೊಂಡುಬಿಟ್ಟಿರಬಹುದೆಂದು 2003ರ ಪ್ರಯೋಗಗಳು ತೋರಿಸಿದವು. 2004ರಲ್ಲಿ ಪಾತ್ರೆಯೊಳಗಿನ ಸಾಕ್ಷ್ಯದ ಸರದಿ. ವುಡ್‌ಬರಿಯವರ ಪ್ರಬಂಧವನ್ನು ಅಚ್ಚು ಹಾಕಿದ್ದ ಪತ್ರಿಕೆಯಲ್ಲೇ ಎರಡು ತಂಡಗಳ ಮರುಪರೀಕ್ಷೆಗಳು ಪ್ರಕಟವಾದವು. ಲು ಮತ್ತು ಟಸ್ಜಿನ್ಸ್ಕಿಯವರ ತಂಡ ಮಜ್ಜೆಕೋಶಗಳಿಗೆ ಡಿಟರ್ಜೆಂಟನ್ನೂ ಗಾಢವಾದ ಉಪ್ಪುನೀರನ್ನೂ ಸೇರಿಸಿ ನೋಡಿತು; ಆಗಲೂ ‘ನರಕೋಶ’ಗಳು ಕಂಡವು! ಹೊಸ ಪ್ರೋಟೀನು ತಯಾರಾಗದಂತೆ ತಡೆದಾಗಲೂ ಕಂಡವು. ನೊಯ್‌ಹೂಬರ್ ಮತ್ತು ಸಂಗಡಿಗರು ಕೋಶದ ಒಳಗಿನ ಆಕ್ಟಿನ್ ಹಂದರವನ್ನು ಕೆಡಿಸಿಯೇ ಅದೇ ರೂಪವನ್ನು ತರಿಸಿದರು. ಕೋಶ ಎಳೆಗಳನ್ನು ಚಾಚಿರಲೇ ಇಲ್ಲ. ಘಾಸಿಗೊಂಡ ಅದರ ಒಡಲು ನಡುವಿಗೆ ಕುಗ್ಗಿತ್ತು. ತಳಕ್ಕೆ ಅಂಟಿದ್ದ ಜಾಗಗಳಲ್ಲಿ ಮಾತ್ರ ಎಳೆಗಳು ಉಳಿದುಕೊಂಡಿದ್ದವು. ನೀರು ಬತ್ತಿದ ಕೆರೆಯ ಕಾಲುವೆಗಳನ್ನು ಹೊಸದಾಗಿ ತೋಡಿದವೆಂದು ಬಗೆದಂತಾಗಿತ್ತು. ನಿಜವಾದ ನರಕೋಶ ವಿದ್ಯುತ್‌ಸಂಕೇತವನ್ನು ಹೊಮ್ಮಿಸಬೇಕು, ನೆರೆಯ ಕೋಶಕ್ಕೆ ಸುದ್ದಿ ಮುಟ್ಟಿಸಬೇಕು. ಆಕಾರ ಅದಕ್ಕೆ ಪ್ರಮಾಣವಲ್ಲ.

ನಂತರದ ಪ್ರಬಂಧಗಳಲ್ಲಿ ‘ನರಕೋಶದಂತಹ’ ಎಂಬ ಎಚ್ಚರದ ವಿಶೇಷಣ ಹೆಚ್ಚುಹೆಚ್ಚಾಗಿ ಕಾಣುತ್ತದೆ. ಚಿಕಿತ್ಸಾಲಯಗಳ ಜಾಹೀರಾತುಗಳಿಗೆ ಆ ಎಚ್ಚರ ದಾಟಲಿಲ್ಲವೆಂಬುದು ನನ್ನ ದೂರು. ಮಗುವಿನ ಸೆರೆಬ್ರಲ್ ಪಾಲ್ಸಿಗಾಗಿ ಮನೆ ಮಾರಲು ಸಿದ್ಧರಾದ ತಂದೆತಾಯಿಗಳಿಗೆ ಒಂದು ವಿಶೇಷಣದ ಬೆಲೆ ಸಣ್ಣದಲ್ಲ.

ನಮ್ಮ ದೇಶದಲ್ಲಿ ಇದನ್ನು ಪ್ರಾಮಾಣಿಕವಾಗಿ ಒರೆಗೆ ಹಚ್ಚಿದವರೂ ಇದ್ದಾರೆ. ದೆಹಲಿಯ ಏಮ್ಸ್‌ನ ಕಾಮೇಶ್ವರ ಪ್ರಸಾದ್ ಅವರ ನೇತೃತ್ವದಲ್ಲಿ ಐದು ಕೇಂದ್ರಗಳು ಸೇರಿ 120 ಮಂದಿ ಪಾರ್ಶ್ವವಾಯು ರೋಗಿಗಳ ಮೇಲೆ ಪ್ರಯೋಗ ನಡೆಸಿದವು. ಒಂದು ಗುಂಪಿಗೆ ಅವರವರ ಮಜ್ಜೆಯ ಕೋಶಗಳನ್ನು ರಕ್ತನಾಳದ ಮೂಲಕ ಕೊಡಲಾಯಿತು. 2014ರಲ್ಲಿ ಪ್ರಕಟವಾದ ಫಲಿತಾಂಶ: ಅಪಾಯವಿಲ್ಲ, ಪ್ರಯೋಜನವೂ ಕಾಣಲಿಲ್ಲ. ಇಂಥ ಫಲಿತಾಂಶ ಪತ್ರಿಕೆಗಳ ಮುಖಪುಟಕ್ಕೆ ಬರುವುದು ಅಪರೂಪ. ರಕ್ತಸಂಬಂಧಿ ಕೆಲವು ರೋಗಗಳಿಗೆ ಮಾಡುವ ಮಜ್ಜೆಕಸಿಯಂತಹ ಸ್ಥಾಪಿತ ಚಿಕಿತ್ಸೆಗಳ ಹೊರತು, ಆಕರಕೋಶಗಳನ್ನು ಅನುಮೋದಿತ ಪ್ರಯೋಗಗಳಲ್ಲಿ ಮಾತ್ರ ಬಳಸಬೇಕೆಂದು ಐಸಿಎಂಆರ್ 2017ರ ಮಾರ್ಗಸೂಚಿಯಲ್ಲಿ ಹೇಳಿತು.

ಹಾಗೆಂದು ಈ ಕೋಶಗಳು ನಿರುಪಯೋಗಿಗಳಲ್ಲ. ಅವು ಪೋಷಕ ದ್ರವ್ಯಗಳನ್ನು ಸ್ರವಿಸುತ್ತವೆ, ಉರಿಯೂತವನ್ನು ತಗ್ಗಿಸುತ್ತವೆ. ತಾವು ನರವಾಗದೆ, ನೊಂದ ನರದ ಆರೈಕೆಗೆ ನಿಲ್ಲಬಲ್ಲವು. ಸಂಶೋಧನೆಯ ಒಲವು ಈಗ ಬಹುಮಟ್ಟಿಗೆ ಆ ಕಡೆಗಿದೆ. ಹೆಸರಿಟ್ಟ ಕ್ಯಾಪ್ಲನ್ ಅವರೇ 2017ರಲ್ಲಿ, ಆ ಹೆಸರು ರೋಗಿಗಳಲ್ಲಿ ತಪ್ಪು ಭರವಸೆ ಹುಟ್ಟಿಸುತ್ತಿದೆ, ‘ಆಕರ’ ಎಂಬ ಮಾತನ್ನು ಕೈಬಿಡಿ ಎಂದು ಬರೆದರು. ಬದಲಿಗೆ ಅವರು ಸೂಚಿಸಿದ್ದು ‘ಔಷಧಸಂಕೇತ ಕೋಶ’ ಎಂಬರ್ಥದ ಹೆಸರನ್ನು. ಇಂಗ್ಲಿಷಿನ ಎಂಎಸ್‌ಸಿ ಎಂಬ ಸಂಕ್ಷೇಪ ಮಾತ್ರ ಹಾಗೆಯೇ ಉಳಿಯುವಂತೆ ನೋಡಿಕೊಂಡಿದ್ದರು.