ಲೇಪದ ಮೇಲೆ ನಿಂತ ಬಣ್ಣ: ಹಿಂದೂಪುರ–ಕಲ್ಯಾಣದುರ್ಗ ಸೀಮೆಯ ಗೋಡೆಗಳು

ಮನೆಯೊಳಗಿನ ಗೋಡೆಗೆ ಚಿತ್ರಕಾಗದ ಅಂಟಿಸುವ ಮುನ್ನ ಹಳೆಯ ಸುಣ್ಣವನ್ನು ಕೆರೆದು, ಬಿರುಕುಗಳನ್ನು ಮುಚ್ಚಿ, ಮೈಯನ್ನು ನಯಗೊಳಿಸಿ, ತೆಳುವಾದ ಅಂಟುನೀರು ಬಳಿದು ಒಣಗಿಸುವ ಕ್ರಮವು ಪಶ್ಚಿಮದಿಂದ ಬಂದ ವಿದ್ಯೆಯೆಂದು ತೋರಿದರೂ, ಕಾಗದವೊಂದನ್ನು ಬಿಟ್ಟರೆ ಅದರ ಹಂತಗಳಲ್ಲಿ ಹೆಚ್ಚಿನವು ಕನ್ನಡನಾಡಿಗೆ ಹೊಸವೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥವು ಚಿತ್ರ ಬರೆಯುವ ಗೋಡೆಯನ್ನು ಸಿದ್ಧಗೊಳಿಸುವ ಬಗೆಯನ್ನು ವಿವರವಾಗಿ ಹೇಳುತ್ತದೆ. ಎಮ್ಮೆಯ ತೊಗಲನ್ನು ಬೆಣ್ಣೆಯಷ್ಟು ಮೃದುವಾಗುವವರೆಗೆ ನೀರಿನಲ್ಲಿ ಕುದಿಸಿ, ಕಡ್ಡಿಗಳಾಗಿ ಮಾಡಿ ಒಣಗಿಸಿಟ್ಟ ಅಂಟಿಗೆ ಅಲ್ಲಿ ‘ವಜ್ರಲೇಪ’ವೆಂದು ಹೆಸರು, ಅದನ್ನು ಬೇಕಾದಾಗ ನೀರಿನಲ್ಲಿ ಕಾಯಿಸಿ ಕರಗಿಸಿ, ಬಿಳಿಮಣ್ಣಿನೊಡನೆ ಕಲಸಿ, ಒಣಗಿದ ಗೋಡೆಗೆ ಮೂರು ಸಲ ಬಳಿದು, ಆಮೇಲೆ ಶಂಖದ ಪುಡಿ ಬೆರೆಸಿದ ಲೇಪವನ್ನು ಹಚ್ಚಬೇಕು. ಯುರೋಪಿನಲ್ಲಿ ಕಾಗದ ಅಂಟಿಸುವವರು ಗೋಡೆಗೆ ಮೊದಲು ಬಳಿಯುತ್ತಿದ್ದ ಅಂಟುನೀರೂ ಪ್ರಾಣಿಗಳ ತೊಗಲು, ಮೂಳೆಗಳಿಂದಲೇ ಆಗುತ್ತಿತ್ತು, ಮೇಲಿನ ಪದರದ ತೇವವನ್ನು ಗೋಡೆ ಒಮ್ಮೆಲೇ ಹೀರದಂತೆ ತಡೆಯುವುದೇ ಅದರ ಕೆಲಸವೂ ಆಗಿತ್ತು.

ಹಿಂದೂಪುರದಿಂದ ಸುಮಾರು 15 ಕಿ.ಮೀ. ದೂರದ ಲೇಪಾಕ್ಷಿಯಲ್ಲಿ ಈ ಪೂರ್ವಸಿದ್ಧತೆ ಇನ್ನೊಂದು ರೂಪ ತಳೆದಿದೆ. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ (1529–1542) ಪೆನುಕೊಂಡೆಯ ಅಧಿಕಾರಿ ವಿರೂಪಣ್ಣ ಮತ್ತು ಅವನ ಸೋದರ ವೀರಣ್ಣ ಕಟ್ಟಿಸಿದ ಇಲ್ಲಿನ ವೀರಭದ್ರ ದೇವಾಲಯದಲ್ಲಿ ಕನ್ನಡ ಶಾಸನಗಳಿವೆ. ಮಂಟಪಗಳ ಚಾವಣಿಯಲ್ಲಿ ಪಾರ್ವತೀ ಕಲ್ಯಾಣ, ಕಿರಾತಾರ್ಜುನೀಯ, ದ್ರೌಪದೀ ಸ್ವಯಂವರ ಮೊದಲಾದ ಚಿತ್ರಗಳಿವೆ. ಕಣಶಿಲೆಯ ಚಪ್ಪಡಿ ನೀರು ಹೀರುವುದಿಲ್ಲವಾದ್ದರಿಂದ ಬಣ್ಣ ಅದರ ಮೇಲೆ ನೇರವಾಗಿ ಹಿಡಿಯದು. ಆದಕಾರಣ ಕಲ್ಲಿಗೂ ಬಣ್ಣಕ್ಕೂ ನಡುವೆ ಗಾರೆಯ, ಅಂದರೆ ಸುಣ್ಣ ಮತ್ತು ಮರಳಿನ ಮಿಶ್ರಣದ, ತೆಳು ಪದರವೊಂದು ಬೇಕಾಯಿತು. ಸುಟ್ಟ ಸುಣ್ಣಕಲ್ಲಿಗೆ ನೀರುಣಿಸಿ ಅರಳಿಸಿದ ಸುಣ್ಣವು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುವುದರಿಂದ ಈ ಪದರ ಗಟ್ಟಿಗೊಳ್ಳುತ್ತದೆ. ಆದರೆ ಚಾವಣಿಯಲ್ಲಿ ಅದು ತನ್ನ ಭಾರವನ್ನು ತಾನೇ ಹೊತ್ತು ತಲೆಕೆಳಗಾಗಿ ನಿಲ್ಲಬೇಕಾದುದರಿಂದ ದಪ್ಪವಾದಷ್ಟೂ ಅಪಾಯವೇ. ಕೆಮ್ಮಣ್ಣು, ಹಳದಿ ಮಣ್ಣು, ಕಾಡಿಗೆ ಮುಂತಾದ ಬಣ್ಣಗಳು ಸುಣ್ಣದ ಕ್ಷಾರಕ್ಕೆ ಕೆಡುವುದಿಲ್ಲ, ಇಲ್ಲಿನ ಚಿತ್ರಗಳಲ್ಲಿ ಮಣ್ಣಿನ ಬಣ್ಣಗಳೇ ಮೇಲುಗೈ ಪಡೆದಿರುವುದಕ್ಕೆ ಇದೂ ಒಂದು ಕಾರಣವಿರಬೇಕು. ವಿರೂಪಣ್ಣ ತನ್ನ ಕಣ್ಣುಗಳನ್ನೇ ಕಿತ್ತು ಗೋಡೆಗೆ ಎಸೆದನೆಂಬ ಐತಿಹ್ಯವನ್ನು ಹೇಳಿ ಗೋಡೆಯ ಮೇಲಿನ ಕೆಂಪು ಕಲೆಗಳನ್ನು ತೋರಿಸುವ ವಾಡಿಕೆ ಅಲ್ಲಿದೆ. ಚಾವಣಿಯ ಲೇಪವನ್ನು ತೋರಿಸುವವರು ಕಡಿಮೆ.

ಜನಸಾಮಾನ್ಯರ ಮನೆಗಳ ಕಥೆ ಬೇರೆ. ಮಳೆ ಕಡಿಮೆಯಿರುವ ಕಲ್ಯಾಣದುರ್ಗದ ಕಡೆ ಮಣ್ಣಿನ ಗೋಡೆಗಳು ಬಹುಕಾಲ ಬಾಳುತ್ತಿದ್ದವು. ಅವನ್ನು ಸಗಣಿ ಬೆರೆತ ಮಣ್ಣಿನಿಂದ ಮೆತ್ತಿ, ಹಬ್ಬಗಳಿಗೆ ಮುನ್ನ ಸುಣ್ಣ ಬಳಿದು, ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ ಎಳೆಯುವುದು ರೂಢಿ. ಚಿತ್ರದ ಗೋಡೆಯನ್ನು ಶತಮಾನಗಳಿಗೆಂದು ಸಿದ್ಧಪಡಿಸಿದರೆ, ಮನೆಯ ಗೋಡೆಯನ್ನು ಮುಂದಿನ ಹಬ್ಬದವರೆಗೆಂದು ಮಾತ್ರ ಸಿದ್ಧಪಡಿಸಲಾಗುತ್ತಿತ್ತು. ಹೀಗೆ ಮತ್ತೆ ಮತ್ತೆ ಬಳಿದ ಸುಣ್ಣ ಪದರ ಪದರವಾಗಿ ಕೂಡಿಕೊಂಡು, ಕೈಯಿಟ್ಟರೆ ಪುಡಿ ಅಂಟುವ ಮೈಯನ್ನು ಉಳಿಸುತ್ತದೆ. ಅಂಥ ಗೋಡೆಗೆ ನೇರವಾಗಿ ಕಾಗದ ಅಂಟಿಸಿದರೆ ಅಂಟು ಹಿಡಿಯುವುದು ಗೋಡೆಯನ್ನಲ್ಲ, ಸುಣ್ಣದ ಪುಡಿಯನ್ನು. ಸ್ವಲ್ಪ ದಿನಗಳಲ್ಲಿ ಕಾಗದವು ಆ ಪುಡಿಯನ್ನೂ ಹೊತ್ತುಕೊಂಡು ಕಳಚಿ ಬೀಳುತ್ತದೆ. ಲೇಪಾಕ್ಷಿಯ ಚಾವಣಿಯಲ್ಲಿಯೂ ಗಾರೆ ಕಳಚಿದ ಕಡೆಗಳಲ್ಲಿ ಚಿತ್ರ ಅದರೊಡನೆಯೇ ಹೋಗಿದ್ದು, ಈಗ ಕಾಣುವುದು ಬರಿಯ ಚಪ್ಪಡಿ.