ಬಿಜೂ ಕಾಕ್‌ಟೇಲಿನ ಸಿಹಿ ಲೆಕ್ಕ

ಜಿನ್, ಸ್ವೀಟ್ ವರ್ಮೂತ್, ಹಸಿರು ಶಾರ್ಟ್ರೂಸ್. ಮೂರನ್ನೂ ಸಮಸಮ ಅಳೆದು, ಆರೆಂಜ್ ಬಿಟರ್ಸ್‌ನ ಕೆಲವು ಹನಿ ಸೇರಿಸಿ, ಐಸ್ ಹಾಕಿ ತಿರುಗಿಸಿದರೆ ಬಿಜೂ. ಹ್ಯಾರಿ ಜಾನ್ಸನ್ 1900ರಲ್ಲಿ ಪ್ರಕಟಿಸಿದ ಬಾರ್ ಕೈಪಿಡಿಯಲ್ಲಿ ಈ ಅಳತೆ ಸಿಗುತ್ತದೆ. ಅದನ್ನು ಇದ್ದಂತೆಯೇ ಮಾಡಿದರೆ ಈಗಿನ ಬಹಳಷ್ಟು ಮಂದಿಗೆ ಎರಡನೇ ಗುಟುಕಿಗೇ ಸಿಹಿ ಜಾಸ್ತಿಯಾಯಿತು ಅನಿಸುತ್ತದೆ.

ಸಿಹಿ ಯಾವ ಬಾಟಲಿಯದು?

ಜಿನ್‌ದಂತೂ ಅಲ್ಲ. ಲಂಡನ್ ಡ್ರೈ ಜಿನ್‌ನಲ್ಲಿ ಲೀಟರಿಗೆ 0.1 ಗ್ರಾಂಗಿಂತ ಹೆಚ್ಚು ಸಿಹಿ ಇರಕೂಡದೆಂದು ಯುರೋಪಿನ ನಿಯಮವಿದೆ. ಸಕ್ಕರೆ ಬೆರೆಸಿದ ಓಲ್ಡ್ ಟಾಮ್ ಜಿನ್ ಮಾತ್ರ ಇದಕ್ಕೆ ಹೊರತು.

ಸ್ವೀಟ್ ವರ್ಮೂತ್ ಎಂದು ಕರೆಸಿಕೊಳ್ಳಲು ಲೀಟರಿಗೆ ಕನಿಷ್ಠ 130 ಗ್ರಾಂ ಸಕ್ಕರೆ ಬೇಕು. ಸಾಮಾನ್ಯವಾಗಿ 150ರ ಆಸುಪಾಸು ಇರುತ್ತದೆ. ಡ್ರೈ ವರ್ಮೂತ್‌ನಲ್ಲಿ ಅದು 50ಕ್ಕಿಂತ ಕಡಿಮೆ.

ಬಿಜೂವಿನಲ್ಲಿ ಸಕ್ಕರೆಯ ಸಿಂಹಪಾಲು ಇರುವುದು ಹಸಿರು ಬಾಟಲಿಯಲ್ಲಿ. ಫ್ರಾನ್ಸಿನ ಕಾರ್ತೂಸಿಯನ್ ಸನ್ಯಾಸಿಗಳು 130 ಗಿಡಮೂಲಿಕೆಗಳಿಂದ ತಯಾರಿಸುವ ಶಾರ್ಟ್ರೂಸ್‌ನಲ್ಲಿ ಶೇ 55 ಆಲ್ಕೋಹಾಲ್ ಇದೆ. ಆ ಖಾರದ ಮರೆಯಲ್ಲಿ ಲೀಟರಿಗೆ ಸುಮಾರು 250 ಗ್ರಾಂ ಸಕ್ಕರೆ ಅಡಗಿದೆ. ಹಳದಿ ಶಾರ್ಟ್ರೂಸ್ ಸೌಮ್ಯ ಎಂದು ಅದನ್ನು ಹಾಕುವವರಿದ್ದಾರೆ. ಅದು ಸೌಮ್ಯ ನಿಜ, ಆದರೆ ಹಸಿರಿಗಿಂತಲೂ ಸಿಹಿ.

ಗ್ರಾಂ ಲೆಕ್ಕ

ಮೂರೂ 30 ಮಿ.ಲೀ. ಹಾಕಿದರೆ ವರ್ಮೂತ್‌ನಿಂದ 4.5 ಗ್ರಾಂ, ಶಾರ್ಟ್ರೂಸ್‌ನಿಂದ 7.5 ಗ್ರಾಂ, ಒಟ್ಟು 12 ಗ್ರಾಂ. ಸಿಹಿ ಹೆಚ್ಚಾಯಿತು ಅಂದಾಗ ಹೆಚ್ಚಿನವರು ಮೊದಲು ಕೈಹಚ್ಚುವುದು ವರ್ಮೂತ್‌ಗೆ: ಅರ್ಧ ಸ್ವೀಟ್, ಅರ್ಧ ಡ್ರೈ. ಇದರಿಂದ ತಗ್ಗುವುದು ಹೆಚ್ಚೆಂದರೆ ಎರಡು ಗ್ರಾಂನಷ್ಟು ಸಕ್ಕರೆ. ಅದರ ಬದಲು ಜಿನ್ 45 ಮಿ.ಲೀ.ಗೆ ಏರಿಸಿ, ಉಳಿದೆರಡನ್ನು 22.5ಕ್ಕೆ ಇಳಿಸಿದರೆ ಸಕ್ಕರೆ 9 ಗ್ರಾಂಗೆ ಬರುತ್ತದೆ. 60, 15, 15 ಮಾಡಿದರೆ 6 ಗ್ರಾಂ. ಈ ಕೊನೆಯ ಅಳತೆಯಲ್ಲಿ ಪಾನೀಯ ಮಾರ್ಟಿನಿಯ ಕಡೆಗೆ ವಾಲುತ್ತದೆ. ಬಿಜೂ ಬಿಜೂವಾಗಿ ಉಳಿಯುವುದು ನಡುವಿನ ಅಳತೆಯಲ್ಲೇ ಅನ್ನುವುದು ನನ್ನ ಮತ.

ಕಹಿ, ಹುಳಿ, ತಂಪು

ಗ್ರಾಂ ಲೆಕ್ಕವೊಂದೇ ಸಾಲದು. ಜಿನ್, ಕಂಪಾರಿ, ಸ್ವೀಟ್ ವರ್ಮೂತ್ ತಲಾ 30 ಮಿ.ಲೀ. ಸೇರುವ ನೆಗ್ರೋನಿಯಲ್ಲೂ ಹತ್ತಿರಹತ್ತಿರ 12 ಗ್ರಾಂ ಸಕ್ಕರೆಯೇ ಇದೆ. ಆದರೂ ಅದನ್ನು ಯಾರೂ ಸಿಹಿ ಪಾನೀಯ ಅನ್ನುವುದಿಲ್ಲ, ಏಕೆಂದರೆ ಕಂಪಾರಿಯ ಕಹಿ ಸಿಹಿಯನ್ನು ಒತ್ತಿಹಿಡಿಯುತ್ತದೆ. ಡೆಟ್ರಾಯಿಟ್‌ನ ಲಾಸ್ಟ್ ವರ್ಡ್ ಎಂಬ ಕಾಕ್‌ಟೇಲಿನಲ್ಲಿ ಶಾರ್ಟ್ರೂಸ್ ಜೊತೆಗೆ ಇನ್ನಷ್ಟು ಸಿಹಿಯಾದ ಮರಸ್ಕೀನೋ ಲಿಕ್ಯೂರ್ ಇರುತ್ತದೆ. ಅಲ್ಲಿ ತಕ್ಕಡಿ ಸರಿದೂಗಿಸುವುದು ನಿಂಬೆರಸ. ಬಿಜೂವಿನಲ್ಲಿ ಹುಳಿ ಇಲ್ಲವೇ ಇಲ್ಲ. ಹಾಗಾಗಿ ಕಹಿ ಹೆಚ್ಚಿಸಲು ಬಿಟರ್ಸ್ ಇನ್ನೆರಡು ಹನಿ ಬಿಟ್ಟು ನೋಡುವುದು ಸುಲಭದ ಉಪಾಯ. ಉಪ್ಪಿನ ಹರಳು ಹಾಕಿ ಅನ್ನುವ ಸಲಹೆ ಇಲ್ಲಿ ತಿರುಗುಬಾಣ: ನೆಲ್ಲಿಕಾಯಿಗೆ ಉಪ್ಪು ಹಚ್ಚಿದಾಗಿನಂತೆ ಉಪ್ಪು ಕಹಿಯನ್ನು ತಗ್ಗಿಸಿ ಸಿಹಿಯನ್ನು ಮೇಲೆತ್ತುತ್ತದೆ.

ತಣ್ಣಗಿದ್ದಷ್ಟೂ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. ಏಪ್ರಿಲ್ ಸಂಜೆ ಜಗುಲಿಯಲ್ಲಿ ಕುಳಿತು ನಿಧಾನವಾಗಿ ಕುಡಿದರೆ ಕೊನೆಯ ಗುಟುಕು ಪಾನಕವಾಗುವುದು ಇದಕ್ಕೇ. ಗ್ಲಾಸನ್ನು ಫ್ರೀಜರ್‌ನಲ್ಲಿಟ್ಟು ತಂಪು ಮಾಡಿ, ಒಮ್ಮೆಗೆ ಚಿಕ್ಕ ಪ್ರಮಾಣದಲ್ಲಿ ಬೆರೆಸಿಕೊಳ್ಳಿ.

ಹೊಸಕೋಟೆ ಕಡೆಯ ಸರಕು

ವರ್ಮೂತ್‌ನ ಮೂಲ ವೈನ್. ಯುರೋಪಿನ ನಿಯಮದಂತೆ ಅದರ ರುಚಿಗೆ ಆರ್ಟಿಮೀಸಿಯಾ ಕುಲದ ಗಿಡ ಕಡ್ಡಾಯ. ಬೆಂಗಳೂರು ಪಕ್ಕದ, ಸಮೇತನಹಳ್ಳಿ ಸೇರಿದ ಹೊಸಕೋಟೆ ಸೀಮೆಗೆ ಎರಡೂ ಹೊಸತಲ್ಲ. ಬೆಂಗಳೂರು ಗ್ರಾಮಾಂತರದ ತೋಟಗಳ ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ನಂದಿಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರ ಕಡೆ, ಗ್ರೋವರ್ ಕುಟುಂಬ ಫ್ರೆಂಚ್ ತಳಿಯ ವೈನ್ ದ್ರಾಕ್ಷಿ ಬೆಳೆಸಿತು. ಇನ್ನು ನಮ್ಮ ಹೂಮಾಲೆಗಳ ದವನ ಆರ್ಟಿಮೀಸಿಯಾ ಕುಲದ್ದೇ. ಕರ್ನಾಟಕದಲ್ಲಿ ಅದನ್ನು ಸುಗಂಧ ತೈಲಕ್ಕಾಗಿಯೂ ಬೆಳೆಯುತ್ತಾರೆ.

ಹಾಗೆಂದು ವರ್ಮೂತ್ ಬದಲು ಅಂಗಡಿಯ ಸಿಹಿ ಪೋರ್ಟ್ ವೈನ್ ಸುರಿದರೆ ಸಕ್ಕರೆ ಬರುತ್ತದೆ, ಕಹಿ ಬರುವುದಿಲ್ಲ. ಬಿಜೂ ಇನ್ನೂ ಸಿಹಿಯಾಗುತ್ತದೆ. ಗ್ಲಾಸಿನ ಮೇಲೆ ದವನದ ಎಸಳು ಇಡುವ ಆಸೆಯಿದ್ದರೆ ಔಷಧ ಹೊಡೆಯದೆ ಮನೆಯಲ್ಲೇ ಬೆಳೆದದ್ದಿರಲಿ. ಹೂವಿನ ಅಂಗಡಿಯದು ದೇವರಿಗೇ ಇರಲಿ.

ತೆರೆದ ಬಾಟಲಿ

ವರ್ಮೂತ್ ಕೆಡುತ್ತದೆ, ಜಿನ್‌ನಂತೆ ಕಪಾಟಿನಲ್ಲಿ ವರ್ಷಗಟ್ಟಲೆ ಇಡುವಂಥದ್ದಲ್ಲ. ಗಾಳಿ ತಾಗಿದರೆ ಮೂಲಿಕೆಯ ಘಮ ಕುಂದುತ್ತದೆ, ಸಕ್ಕರೆ ಮಾತ್ರ ಹಾಗೇ ಉಳಿಯುತ್ತದೆ. ತೆರೆದ ಮೇಲೆ ಫ್ರಿಜ್‌ನಲ್ಲಿಟ್ಟು ಒಂದೆರಡು ತಿಂಗಳಲ್ಲಿ ಮುಗಿಸಬೇಕು. ಕುಡಿಯುವವರು ಕಡಿಮೆಯಿದ್ದರೆ ಚಿಕ್ಕ ಬಾಟಲಿ ತರುವುದೇ ಮೇಲು.